ಒದರಿದ ಮೇಲೆ

ನನಗೆ ಕೂತಲ್ಲಿ ಕೂರುವ ಜಾಯಮಾನವಿಲ್ಲ. ಬಸ್ಸಿಗೆ ಕಾಯುವಾಗ ನಿಂತೇ ಕಾಯುತ್ತೇನೆ. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಕತ್ತು ಚಾಚಿ, ಡ್ರೈವರ್ ಯಾವ ಅಂಗಡಿಯಲ್ಲಿ ಟೀ ಹೀರುತ್ತಾ ನಿಂತಿದ್ದಾನೆ ಎಂದು ಹುಡುಕುತ್ತೇನೆ. ಅನ್ನ ಬೇಯುವ ಮೊದಲೇ ಎರಡು ಸಲ ಮುಚ್ಚಳ ತೆಗೆದು ನೋಡುವವಳು ನಾನು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ಅಪ್ಪ ನನ್ನ ಹೆಸರಿನ ಬದಲಿಗೇ ಬಳಸುತ್ತಿದ್ದ ಕಾಲವೊಂದಿತ್ತು. “ಎಲ್ಲಿ ಕಣವ್ವಾ ನಮ್ ಆತುರಗಾರ?” ಎಂದು ಹಟ್ಟಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಈಗ ಕೆಲವು ವರ್ಷಗಳಿಂದ ಆ ಗಾದೆ ಅವನ ಬಾಯಿಗೆ ಬಂದಿಲ್ಲ.

ಹಾಸನದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನನಗೆ ಸಿಕ್ಕ ಪ್ರಾಜೆಕ್ಟು ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಕುರಿಯ ಅಂಗಾಂಶದಲ್ಲಿ ಆಡ್ರಿನಲಿನ್ ಮತ್ತು ಅದರ ದಾಯಾದಿ ವಸ್ತುಗಳನ್ನು ಬಣ್ಣದಿಂದ ಗುರುತಿಸಬೇಕು. ಜೀವಿಗೆ ಭಯವಾದಾಗ, ಸಿಟ್ಟು ಬಂದಾಗ ಎದೆ ಡವಗುಟ್ಟಿಸುವ ವಸ್ತು ಅದು. ಮೂತ್ರಪಿಂಡದ ನೆತ್ತಿಯ ಹತ್ತಿರ, ನೆಣದೊಳಗೆ ಹುದುಗಿಕೊಂಡು ಗೋಡಂಬಿಯಷ್ಟು ದೊಡ್ಡ ಗ್ರಂಥಿಯೊಂದು ಇರುತ್ತದೆ. ಅದನ್ನು ಸೀಳಿ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ದ್ರಾವಣದಲ್ಲಿ ಹಾಕಿಟ್ಟರೆ, ಆಡ್ರಿನಲಿನ್ ತುಂಬಿರುವ ನಡುಭಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಕೇಳಲು ಸುಲಭ. ಆದರೆ ಪ್ರಾಣ ಹೋದ ಮೇಲೆ ಆ ವಸ್ತು ನಮಗಾಗಿ ಕಾದು ಕೂರುವುದಿಲ್ಲ. ತಡವಾದಷ್ಟೂ ಬಣ್ಣ ಪೇಲವ. ಕುರಿ ಕೊಯ್ಯುವ ಹೊತ್ತಿಗೆ ಶೀಸೆ ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿರಬೇಕಿತ್ತು.

ಹೀಗಾಗಿ ಆ ವರ್ಷದ ಭಾನುವಾರಗಳೆಲ್ಲ ಮಟನ್ ಅಂಗಡಿಗಳಿಗೆ ಹೋದವು. ಒಂದು ವಾರ ಹಾಸನ, ಒಂದು ವಾರ ಹೊಳೆನರಸೀಪುರ, ಇನ್ನೊಂದು ವಾರ ಚನ್ನರಾಯಪಟ್ಟಣ, ಮತ್ತೊಂದು ವಾರ ಅರಕಲಗೂಡು. ಬೆಳಗಿನ ಮೊದಲ ಬಸ್ಸಿಗೆ ಹೊರಟು, ಬ್ಯಾಗಿನಲ್ಲಿ ಶೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನದಂತೆ ಅಪ್ಪನ ಹಳೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಚನ್ನರಾಯಪಟ್ಟಣದ ಅಂಗಡಿಯವನು ಮೊದಲ ವಾರ ಗ್ರಂಥಿಯ ಬದಲು ಬೇರೆ ಯಾವುದೋ ಗಂಟು ಕೊಟ್ಟು ಕಳಿಸಿದ. ನಾನು ಅದನ್ನು ದ್ರಾವಣದಲ್ಲಿಟ್ಟು ಎರಡು ದಿನ ಕಣ್ಣು ಬಿಟ್ಟುಕೊಂಡು ಕೂತೆ. ಬಣ್ಣ ಎಲ್ಲಿಂದ ಬರಬೇಕು! ಹೊಳೆನರಸೀಪುರದ ಯಜಮಾನರು ಮಾತ್ರ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು.

“ಎಲ್ರೂ ಕಿಡ್ನಿ ಕೇಳ್ತಾರೆ. ನೀನು ಕಿಡ್ನಿ ಬುಟ್ಟು ಅದರ ಟೋಪಿ ಕೇಳ್ತೀಯಲ್ಲವ್ವ” ಎಂದು ನಕ್ಕು, ಸರದಿಯಲ್ಲಿ ನಿಂತ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿದರು. ಅವತ್ತಿನಿಂದ ಆ ಬೀದಿಯಲ್ಲಿ ನಾನು ಟೋಪಿ ಮೇಡಂ ಆದೆ.

ನನ್ನ ಗೈಡ್ ಧಾರವಾಡದ ಕಡೆಯ ಮೇಡಂ. ನನ್ನ ಆತುರ ಕಂಡರೆ ಅವರಿಗೆ ಆಗುತ್ತಿರಲಿಲ್ಲ, ನನಗೆ ಅವರ ನಿಧಾನ ಕಂಡರೆ ಆಗುತ್ತಿರಲಿಲ್ಲ. ಗಾಜಿನ ಕೊಳವೆಯನ್ನು ಮೂರು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿ, ನಾಲ್ಕನೇ ಸಲ ತೊಳೆಯುವವರು ಅವರು. ಬಹಳ ಹೊತ್ತು ಹೆದರಿದ ಪ್ರಾಣಿಯ ಗ್ರಂಥಿಯಲ್ಲಿ ಸಂಗ್ರಹ ಖರ್ಚಾಗಿ ಬಣ್ಣ ಕಡಿಮೆ ಬರಬಹುದು ಎಂದು ಅವರು ಒಂದು ದಿನ ಹೇಳಿದರು. “ಬರಬಹುದು ಅಂದೇನಿ, ಬರತದ ಅಂದಿಲ್ಲ. ಒಂದು ಕುರಿ ಎಷ್ಟು ಅಂಜಿತ್ತು ಅಂತ ಒಂದು ಬಣ್ಣದಾಗ ಓದಲಿಕ್ಕೆ ಬರಂಗಿಲ್ಲ” ಎಂದೂ ಸೇರಿಸಿದರು. ಮೊದಲನೆಯ ಮಾತು ನನ್ನ ಕಿವಿಗೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ನಾನು ಮುಂದಿನ ಶೀಸೆಗೆ ಚೀಟಿ ಅಂಟಿಸುತ್ತಿದ್ದೆ.

ಆ ಅರ್ಧ ಮಾತನ್ನೇ ಹೊತ್ತುಕೊಂಡು ಊರಿಗೆ ಹೋದೆ. ನಮ್ಮೂರು ಕೊಣನೂರಿನಿಂದ ಒಳಗೆ. ಅಪ್ಪ ಹೊಗೆಸೊಪ್ಪು, ರಾಗಿ ಬೆಳೆಯುವವನು. ಅದರ ಜೊತೆಗೆ ಸುತ್ತಿನ ಹಳ್ಳಿಗಳಲ್ಲಿ ಯಾರೇ ಪರ ಮಾಡಲಿ, ಅಂದರೆ ದೇವರ ಹೆಸರಲ್ಲಿ ಕುರಿ ಕೊಯ್ದು ನೆಂಟರಿಷ್ಟರಿಗೆ ಊಟ ಹಾಕಲಿ, ಕೊಯ್ಯಲು ಅಪ್ಪನನ್ನೇ ಕರೆಯುತ್ತಿದ್ದರು. ಕುರಿ ಎಷ್ಟೇ ದೊಡ್ಡದಾಗಿರಲಿ, ಕೊಯ್ಯುವ ದಿನ ನಮ್ಮ ಕಡೆ ಅದು ಮರಿಯೇ. ಅಪ್ಪ ಮರಿಯ ಹಣೆಗೆ ಅರಿಶಿನ ಕುಂಕುಮ ಇಟ್ಟು, ನೆತ್ತಿಯಿಂದ ಬಾಲದವರೆಗೆ ನೀರು ಹುಯ್ದು, ಹಗ್ಗ ಸಡಿಲ ಬಿಟ್ಟು ದೂರ ನಿಲ್ಲುತ್ತಿದ್ದ. ಮರಿ ತಾನಾಗಿ ಮೈ ಒದರಬೇಕು. ಒದರಿತೆಂದರೆ ದೇವರು ಒಪ್ಪಿತು, ಮರಿಯೂ ಒಪ್ಪಿತು. ಒದರುವವರೆಗೂ ಅಪ್ಪ ಮಚ್ಚು ಮುಟ್ಟುತ್ತಿರಲಿಲ್ಲ. ಕೆಲವು ಕಡೆ ಅವಸರದವರು ಕಿವಿಯೊಳಗೆ ನೀರು ಹುಯ್ದುಬಿಡುತ್ತಾರೆ. ಕಿವಿಗೆ ನೀರು ಹೋದರೆ ಯಾವ ಕುರಿಯಾದರೂ ತಲೆ ಮೈ ಎಲ್ಲ ಜಾಡಿಸಲೇಬೇಕು. ಅಪ್ಪನಿಗೆ ಅದು ಆಗದು. “ಅದು ಒಪ್ಪಿಸೋದಲ್ಲ, ಕತ್ತು ಇಡ್ದು ಊಂ ಅನ್ಸೋದು” ಎನ್ನುತ್ತಿದ್ದ. ಒಮ್ಮೆ ಒಂದು ಮನೆಯಲ್ಲಿ ಒಲೆ ಹೊತ್ತಿಸಿ, ಮಸಾಲೆ ಅರೆದಿಟ್ಟು, ಮಧ್ಯಾಹ್ನದವರೆಗೂ ಕಾಯಿಸಿದ್ದಾನೆಂದು ಈಗಲೂ ಜನ ಆಡಿಕೊಳ್ಳುತ್ತಾರೆ.

ಹೊಳೆನರಸೀಪುರದಲ್ಲಿ ಗುಮಾಸ್ತರಾಗಿರುವ ನಮ್ಮ ಚಿಕ್ಕಪ್ಪ ಬೌದ್ಧರಾದ ಮೇಲೆ ಪರದ ಊಟಕ್ಕೆ ಬರುವುದನ್ನು ಬಿಟ್ಟಿದ್ದರು. ಅಣ್ಣನ ಮೇಲೆ ಪ್ರೀತಿಯೇನೂ ಕಡಿಮೆಯಾಗಿರಲಿಲ್ಲ. ಆದರೆ ಎದುರು ಬದುರು ಕೂತಾಗ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ.

“ಅಣ್ಣ, ಮೈಮೇಲೆ ತಣ್ಣೀರು ಹುಯ್ದರೆ ನೀನೂ ಒದರ್ತೀಯ, ನಾನೂ ಒದರ್ತೀನಿ. ಅದು ಚಳಿಗೆ ಕಣ. ಇಲ್ಲಾ ಎದ್ರಿಕೆಗೆ. ಒಪ್ಪಿಗೆ ಅಂತ ನಿಂಗೆ ಯೋಳ್ದೋರ್ಯಾರು?”

ಅಪ್ಪ ಆಗ ನಕ್ಕುಬಿಡುತ್ತಿದ್ದ. ಆದರೆ ಆ ಮಾತು ಅವನೊಳಗೆ ಇಳಿದಿದ್ದು ನನಗೆ ಗೊತ್ತಾಗಿದ್ದು, ನಾನು ಶೀಸೆ, ಬಣ್ಣ ಅಂತ ಜಂಬ ಕೊಚ್ಚಿದ ದಿನ. ರಾಗಿಮುದ್ದೆ ನುಂಗುತ್ತಿದ್ದವನು ಕೈ ನಿಲ್ಲಿಸಿದ.

“ಅಂಗಾರೆ ಮರಿ ಎದ್ರಿತ್ತಾ ಇಲ್ವಾ ಅಂತ ನಿಂಗೆ ಗೊತ್ತಾಯ್ತದಾ?”

“ಓ, ಗೊತ್ತಾಗುತ್ತೆ. ಕಂದು ಬಂದರೆ ಹೆದರಿಲ್ಲ. ಬರಲಿಲ್ಲ ಅಂದರೆ ಹೆದರಿದೆ.”

ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಮೇಡಂ ಕೇಳಿದ್ದರೆ ಕೊಳವೆಯಲ್ಲೇ ಹೊಡೆಯುತ್ತಿದ್ದರು. ಅಪ್ಪ ಮುದ್ದೆಯನ್ನು ಪೂರ್ತಿ ತಿನ್ನಲಿಲ್ಲ. ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲಿ ನಿಂತು, “ನನ್ ಕೈಲಿ ಜೀವ ಬುಟ್ಟ ಮರಿ ಒಂದೂ ಎದ್ರಿಲ್ಲ ಕಣವ್ವ. ಇದೊಂದು ನೋಡ್ಬುಡು. ಆಮೇಕೆ ನಿಮ್ ಚಿಕ್ಕಪ್ಪಂಗೆ ನಾನೇ ಯೋಳ್ತೀನಿ” ಎಂದ.

ಇದೊಂದು ಎಂದರೆ ನಮ್ಮ ಮನೆಯದೇ ಮರಿ. ನನಗೆ ಎಂ.ಎಸ್ಸಿ. ಸೀಟು ಸಿಕ್ಕರೆ ದೇವರಿಗೆ ಒಂದು ಮರಿ ಕೊಡುತ್ತೇನೆಂದು ಅಪ್ಪ ಹರಕೆ ಹೊತ್ತಿದ್ದ. ತಾಯಿ ಸತ್ತಿದ್ದ ಮರಿಯನ್ನು ತಂದು, ಬಾಟಲಿ ಹಾಲು ಕುಡಿಸಿ ಸಾಕಿದ್ದ. ಅವನು ಹೊಲಕ್ಕೆ ಹೋದರೆ ಅದೂ ಹಿಂದೆ ಹೋಗುತ್ತಿತ್ತು. ಅವನ ಅಂಗಿಯ ತುದಿ ಜಗಿದು ಜಗಿದು ಎರಡು ಅಂಗಿಗಳಿಗೆ ಗುಂಡಿಯೇ ಉಳಿದಿರಲಿಲ್ಲ. ನನಗಾಗಿ ಹೊತ್ತ ಹರಕೆ, ನನಗಾಗಿ ಬೆಳೆದ ಮರಿ. ನನಗೆ ಅದರ ಮೇಲೆ ಮಮತೆ ಇತ್ತೆಂದು ಸುಳ್ಳು ಹೇಳಲಾರೆ. ಅಂಗಡಿಯ ಕುರಿಗಳ ಜೊತೆ ಹೋಲಿಸಲು ಮನೆಯಲ್ಲಿ ಕೊಯ್ದ ಕುರಿಯ ಗ್ರಂಥಿ ಸಿಗುತ್ತದೆ ಎಂದು ನಾನು ಖುಷಿಪಟ್ಟಿದ್ದೆ.

ಹಾಸನಕ್ಕೆ ಮರಳಿ, ಕೊಯ್ಯುವ ಪದ್ಧತಿಯನ್ನೆಲ್ಲ ಪ್ರಾಜೆಕ್ಟಿನ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದು ಮೇಡಂ ಮುಂದಿಟ್ಟೆ. ಅವರು ಓದುತ್ತಾ ಓದುತ್ತಾ ಕನ್ನಡಕ ತೆಗೆದರು.

“ಏನಿದು? ಕುರಿ ಒದರಿದ ಮ್ಯಾಲೆ ಕೊಯ್ಯೂದು ಅಂತ ಬರದೀ? ಒದರೂತನಕ ಕಾಯ್ತೀರಿ? ಎಂಥಾ ಮಂದಿ ಅದೀರಿ ನೀವು!”

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಅವರ ಕಡೆ ಒದರುವುದೆಂದರೆ ಗಂಟಲು ಹರಿಯುವಂತೆ ಕಿರುಚುವುದು. ನಮ್ಮ ಕಡೆ ಮೈ ಕೊಡವಿಕೊಳ್ಳುವುದು. ನಾನು ಎದ್ದು ನಿಂತು, ನೀರಿನಿಂದ ಎದ್ದ ನಾಯಿಯ ಹಾಗೆ ಮೈ ಅಲ್ಲಾಡಿಸಿ ತೋರಿಸಿದೆ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಕತೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನೂ ನಕ್ಕ. “ಅಯ್ಯೋ ಶಿವನೇ, ಒಂದೇ ಮಾತು, ಅಲ್ಲೊಂದು ಇಲ್ಲೊಂದಾ?” ಎಂದು ಬೀದಿಯಲ್ಲಿ ಹೋಗುವವರಿಗೆಲ್ಲ ಹೇಳಿದನಂತೆ.

ಪರ ಇದ್ದದ್ದೂ ಒಂದು ಭಾನುವಾರ. ಹರಕೆ ನನ್ನದಾದರೂ ಆ ಬೆಳಗ್ಗೆ ನಾನು ಊರಲ್ಲಿರಲಿಲ್ಲ. ಪ್ರಾಜೆಕ್ಟು ಒಪ್ಪಿಸುವ ದಿನ ಹತ್ತಿರ ಬಂದಿತ್ತು, ಅರಕಲಗೂಡಿನ ಅಂಗಡಿಯ ಲೆಕ್ಕ ಇನ್ನೂ ತುಂಬಿರಲಿಲ್ಲ. ಬೆಳಗ್ಗೆ ಅಲ್ಲಿ ಮುಗಿಸಿ, ಹನ್ನೊಂದರೊಳಗೆ ಊರು ಸೇರಿ, ಉಂಡು, ಶೀಸೆ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಹಾಸನ. ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಜೋಡಿಸಿದ್ದೆ. ಹಿಂದಿನ ವಾರವೇ ಶೀಸೆಯನ್ನು ಅಪ್ಪನ ಕೈಗೆ ಕೊಟ್ಟು ಪಾಠ ಹೇಳಿದ್ದೆ: ಗ್ರಂಥಿ ತೆಗೆದ ಕೂಡಲೇ ಉದ್ದಕ್ಕೆ ಸೀಳು, ತೊಳೆಯಬೇಡ, ಒರೆಸಬೇಡ, ನೇರ ಶೀಸೆಗೆ ಹಾಕು, ಆ ನೀರು ವಿಷ, ಮುಟ್ಟಬೇಡ. ಅಪ್ಪ ಪಾಠವನ್ನು ಒಪ್ಪಿಸಿದ್ದ, ಅದೂ ಎರಡು ಸಲ.

ಅರಕಲಗೂಡಿನಲ್ಲಿ ಕೆಲಸ ಬೇಗ ಮುಗಿಯಿತು. ಒಂಬತ್ತೂವರೆಗೆ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದೆ. “ಇನ್ನೂ ಒದರಿಲ್ಲ ಕಣವ್ವ” ಎಂದ ಅಪ್ಪ. ಹಿಂದೆ ನೆಂಟರ ಗಲಾಟೆ, ಪಾತ್ರೆಗಳ ಸದ್ದು. ಕೊಣನೂರಿನ ಬಸ್ಸು ಬರಲಿಲ್ಲ. ನಾನು ಪ್ಲಾಟ್‌ಫಾರಂ ಉದ್ದಕ್ಕೂ ಹೋದೆ, ಬಂದೆ. ಹತ್ತು ಗಂಟೆಗೆ ಮತ್ತೆ ಫೋನ್ ಮಾಡಿದೆ.

“ಒದರಿಲ್ಲ ಮಗಾ. ಮೂರು ಸಲ ನೀರು ಹುಯ್ದೆ. ಸುಮ್ಕೆ ನನ್ ಮಕ ನೋಡ್ತಾ ನಿಂತದೆ.”

ನನ್ನ ಮೈಯೆಲ್ಲ ಉರಿಯಿತು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯದು, ಸಂಜೆಯದಾದರೆ ಅರಕಲಗೂಡಿನ ಶೀಸೆಗಳ ಮುಂದಿನ ಕೆಲಸವೂ ಹಾಳು.

“ಅಪ್ಪಾ, ಅದು ಒದರೋದನ್ನ ಕಾಯ್ತಾ ಕೂತ್ರೆ ನನ್ನ ಡಿಗ್ರಿ ಮುಂದಿನ ವರ್ಷಕ್ಕೆ ಹೋಗುತ್ತೆ. ಏನಾದ್ರೂ ಮಾಡಿ ಒದರಿಸು!”

ಅವನ ಉತ್ತರಕ್ಕೂ ಕಾಯದೆ ನಾನೇ ಫೋನ್ ಇಟ್ಟೆ. ಇಟ್ಟ ಮೇಲೆ ಬಸ್ಸು ಬಂತು.

ಊರು ಮುಟ್ಟುವಷ್ಟರಲ್ಲಿ ಎಲ್ಲ ಆಗಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಕೊಟ್ಟಿಗೆಯ ಗೂಟದಲ್ಲಿ ಖಾಲಿ ಹಗ್ಗ ನೇತಾಡುತ್ತಿತ್ತು. ಅಪ್ಪ ಶೀಸೆಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಊಟಕ್ಕೆ ಮಾತ್ರ ಕೂರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದ. ನಾನು ನಿಂತುಕೊಂಡೇ ನಾಲ್ಕು ತುತ್ತು ತಿಂದು ಬಸ್ಸಿಗೆ ಓಡಿದೆ.

ಸೋಮವಾರ ಬೆಳಗ್ಗೆ ಶೀಸೆ ತೆಗೆದು ನೋಡಿದರೆ ಕಂದು. ಒಳ್ಳೆ ಗಾಢ, ಹಳದಿ ಮಿಶ್ರಿತ ಕಂದು! ನನ್ನ ಖುಷಿ ಹೇಳತೀರದು. ಅಪ್ಪನಿಗೆ ಆಗಲೇ ಫೋನ್ ಮಾಡಬೇಕೆಂದು ಕೈ ತುರಿಸಿತು. ಮೇಡಂ ಇಕ್ಕಳದಲ್ಲಿ ಆ ತುಂಡನ್ನು ಎತ್ತಿ, ನೀರಲ್ಲಿ ಜಾಲಿಸಿ, ಎಂದಿನ ನಿಧಾನದಲ್ಲಿ ಅತ್ತ ಇತ್ತ ತಿರುಗಿಸಿದರು.

“ನಡುಭಾಗ ಅಷ್ಟ ಅಲ್ಲ, ಸುತ್ತಲೂ ಬಣ್ಣ ಬಂದದ. ಹಿಂಗ ಬರಬಾರದು.”

ಅಂಚಿನಿಂದ ಒಂದು ಚೂರು ಕತ್ತರಿಸಿ ಗಾಜಿನ ಮೇಲಿಟ್ಟು, ಕ್ಷಾರದ ಒಂದು ಹನಿ ಬಿಟ್ಟರು. ಹನಿಯ ಸುತ್ತ ಕೆಂಪು ಹರಡಿತು. ಅದು ಯಾವ ಕೆಂಪು ಎಂದು ಯಾವ ಪುಸ್ತಕವೂ ನನಗೆ ಹೇಳಬೇಕಾಗಿರಲಿಲ್ಲ. ಅರಿಶಿನಕ್ಕೆ ಸುಣ್ಣ ಕಲಸಿದರೆ ಬರುವ ಕೆಂಪು. ಬಾಣಂತಿಗೆ, ಮದುಮಕ್ಕಳಿಗೆ ಎತ್ತುವ ಆರತಿ ತಟ್ಟೆಯ ಕೆಂಪು.

“ಅರಿಷಿಣ” ಎಂದರು ಮೇಡಂ.

ಒಳಗಿನ ಪದರವನ್ನೂ ಕತ್ತರಿಸಿ ನೋಡಿದೆವು. ಅಲ್ಲಿ ಪೇಲವವಾಗಿತ್ತು. ಆದರೆ ತೊಳೆದದ್ದರಿಂದ ಪೇಲವವೋ, ತಡವಾದದ್ದರಿಂದಲೋ, ಹೆದರಿಕೆಯಿಂದಲೋ, ಯಾರು ಹೇಳಬೇಕು? ಈ ಸ್ಯಾಂಪಲ್ಲು ಲೆಕ್ಕಕ್ಕಿಲ್ಲ ಎಂದು ಮೇಡಂ ಪ್ರಾಜೆಕ್ಟಿನ ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟು ಎಳೆದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಮಾಂಸ ಎಂದರೆ ಉಪ್ಪು ಅರಿಶಿನ ಹಾಕಿ ತೊಳೆಯಲೇಬೇಕು ಎನ್ನುವ ಜನ ನಾವು. ಹೇಳಿದ್ದನ್ನು ಅಪ್ಪ ಮರೆತು, ಕೈ ರೂಢಿಯ ಮೇಲೆ ತೊಳೆದುಬಿಟ್ಟಿದ್ದಾನೆ ಎಂದುಕೊಂಡೆ. ಆ ವಾರವೆಲ್ಲ ಫೋನ್ ಎತ್ತಲಿಲ್ಲ. ಮನಸ್ಸಿನಲ್ಲೇ ಅವನ ಜೊತೆ ಜಗಳವಾಡಿಕೊಂಡು ಹಾಸ್ಟೆಲ್ ಮೆಟ್ಟಿಲು ಹತ್ತಿ ಇಳಿದೆ.

ಶನಿವಾರ ಊರಿಗೆ ಹೋದಾಗ ಅಪ್ಪ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಪೋಣಿಸುತ್ತಿದ್ದ. ನಾನು ಬ್ಯಾಗನ್ನೂ ಕೆಳಗಿಡದೆ ಶುರು ಮಾಡಿದೆ.

“ತೊಳೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ? ಅರಿಶಿನ ಹಾಕಿ ತೊಳ್ದಿದ್ದೀಯಲ್ಲ! ಎಲ್ಲಾ ಹಾಳಾಯ್ತು. ಮರ್ತುಬಿಟ್ಟೆ ತಾನೆ?”

“ಮರೀಲಿಲ್ಲ ಕಣವ್ವ.”

“ಮತ್ತೆ?”

“ಬೇಕೂ ಅಂತ್ಲೇ ಹಾಕ್ದೆ.”

ಕೈಯಲ್ಲಿದ್ದ ಎಲೆಯನ್ನು ಪೋಣಿಸಿ ಮುಗಿಸಿದ. ಆಮೇಲೆ ಕಡ್ಡಿಯನ್ನು ಪಕ್ಕಕ್ಕಿಟ್ಟ.

“ಕಂದು ಬಂದ್ರೆ ಎದ್ರಿಲ್ಲ ಅಂತ ಅಂದಿದ್ದೆಯಲ್ಲ. ಅರಿಶ್ಣ ಬಿದ್ರೆ ಬಣ್ಣ ಬಂದಾತು ಅಂತ ಹಾಕ್ದೆ. ನೀನಾರ ಎದ್ರಿರ್ನಿಲ್ಲ ಅಂತ ಬರ್ಕೊಳ್ಲಿ ಅಂತ.”

“ಅದು ಒದರಲಿಲ್ವಾ?”

“ಕಿವೀಗೆ ನೀರು ಬುಟ್ಟೆ.”

ಬ್ಯಾಗಿನ ಪಟ್ಟಿ ನನ್ನ ಭುಜ ಕೊರೆಯುತ್ತಿತ್ತು. ಇಳಿಸಬೇಕೆಂದು ತೋಚಲಿಲ್ಲ. ಇಷ್ಟು ವರ್ಷದಲ್ಲಿ ಊರೂರು ಸುತ್ತಿ, ಯಾರ ಮನೆಯ ಮರಿಗೂ ಮಾಡದ ಕೆಲಸವನ್ನು ಅಪ್ಪ ತಾನು ಹಾಲು ಕುಡಿಸಿದ ಮರಿಗೆ ಮಾಡಿದ್ದ. ಅವನು ಅವಸರದ ಮನುಷ್ಯನಲ್ಲ. ಆ ದಿನ ಅವಸರ ಇದ್ದದ್ದು ನನಗೆ.

ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ, ನಾನು ಅವತ್ತು ಅರ್ಧ ಕೇಳಿಸಿಕೊಂಡು ಹೇಳಿದ್ದೆ, ಅದು ಹೆದರಿತ್ತು ಎಂದು ಯಾರೂ ಹೇಳಲಾಗದು ಅಪ್ಪಾ ಎಂದು ತಡವರಿಸಿದೆ. ಅದು ನಿಜವೂ ಆಗಿತ್ತು. ಅಪ್ಪ ತಲೆಯಾಡಿಸಿದ.

“ನಿನ್ ಬಣ್ಣ ಏನಾರ ಯೋಳ್ಲಿ ಮಗಾ. ಅದರ ಎದೆ ನನ್ ಮೊಣಕಾಲಡೀಲಿ ಇತ್ತು” ಎಂದ. ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದ: “ಆಗ ಇನ್ನೊಂದ್ ಸಲ ಒದರ್ತು ಕಣವ್ವ. ನಮ್ ಕಡೆ ಒದರೋದಲ್ಲ. ನಿಮ್ ಮೇಡಮ್ಮಾರ ಕಡೆ ಅಂತಾರಲ್ಲ, ಅಂಗೆ.”

ಪ್ರಾಜೆಕ್ಟು ಮುಗಿಯಿತು, ಡಿಗ್ರಿಯೂ ಬಂತು. ಈಗ ಹಾಸನದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಪ್ಪ ಪರಕ್ಕೆ ಕೊಯ್ಯಲು ಹೋಗುವುದನ್ನು ಬಿಟ್ಟಿದ್ದಾನೆ. ಯಾರಾದರೂ ಕರೆಯಲು ಬಂದರೆ ಮೊಣಕಾಲು ನೋವು ಎನ್ನುತ್ತಾನೆ. ಏನಾದರೂ ಮಾಡಿ ಒದರಿಸು ಎಂದವಳು ನಾನು. ಆ ಮಾತನ್ನು ಅವನು ಇವತ್ತಿನವರೆಗೂ ಒಂದು ಸಲವಾದರೂ ಎತ್ತಿ ಆಡಿಲ್ಲ.